ಸ್ಟೇನ್‌ಬರ್ಗನ್ ಕಾಪಾಡಿಕೊಂಡ ಎರಡು ಹೆಸರು

1944ರ ಸೆಪ್ಟೆಂಬರ್ 19, ರಾತ್ರಿ ಹತ್ತೂವರೆಯ ಸುಮಾರು. ನೆದರ್‌ಲೆಂಡ್ಸ್‌ನ ದಕ್ಷಿಣದ ಸ್ಟೇನ್‌ಬರ್ಗನ್ ಎಂಬ ಪುಟ್ಟ ಊರಿನ ಅಂಚಿನ ಹೊಲಕ್ಕೆ ಬ್ರಿಟಿಷ್ ವಾಯುಪಡೆಯ ಮಾಸ್ಕಿಟೊ ವಿಮಾನವೊಂದು ಬಂದು ಬಿತ್ತು. ಮಾಸ್ಕಿಟೊದ ಮೈಯೆಲ್ಲ ಮರ. ತೆಳು ಹಲಗೆಗಳನ್ನು ಅಂಟಿಸಿ ಕಟ್ಟಿದ ವಿಮಾನ ಅದು. ಬಿದ್ದದ್ದು ಉರಿದುಹೋಯಿತು. ಅದರಲ್ಲಿದ್ದ ಇಬ್ಬರಲ್ಲಿ ಗುರುತಿಸುವಷ್ಟು ಉಳಿದಿರಲಿಲ್ಲ. ಒಬ್ಬನ ಹೆಸರು ಬೇಗ ತಿಳಿಯಿತು: ಜಿಮ್ ವಾರಿಕ್, ದಾರಿ ತೋರುವ ನ್ಯಾವಿಗೇಟರ್. ಇನ್ನೊಬ್ಬನ ಸುಳಿವು ಸಿಕ್ಕಿದ್ದು ಒಂದು ಕಾಲುಚೀಲದಿಂದ. ಬಟ್ಟೆ ಒಗೆಯಲು ಕೊಡುವಾಗ ಅದಲುಬದಲಾಗದಿರಲೆಂದು ಹಾಕಿದ್ದ ಗುರುತಿನಲ್ಲಿ ಗಿಬ್ಸನ್ ಎಂಬ ಹೆಸರಿತ್ತು.

ಊರು ಆಗಿನ್ನೂ ಜರ್ಮನರ ಹಿಡಿತದಲ್ಲಿತ್ತು. ಕೆನಡಾದ ಸೇನೆ ಬಂದು ಅದನ್ನು ಬಿಡಿಸುವುದಕ್ಕೆ ನವೆಂಬರ್ ಬರಬೇಕಿತ್ತು. ಶತ್ರುದೇಶದ ವೈಮಾನಿಕರಿಗೆ ಬಹಿರಂಗವಾಗಿ ಗೌರವ ತೋರುವುದು ಆಕ್ರಮಿತ ಊರಿನಲ್ಲಿ ಸುಮ್ಮನೆ ಮಾಡುವ ಕೆಲಸವಲ್ಲ. ಆದರೂ ಊರಿನವರು ಆ ಇಬ್ಬರನ್ನು ತಮ್ಮ ಕ್ಯಾಥೊಲಿಕ್ ಸ್ಮಶಾನದಲ್ಲಿ ಮಣ್ಣು ಮಾಡಿದರು. ಕ್ಯಾಥೊಲಿಕ್ ಮತ್ತು ಪ್ರಾಟೆಸ್ಟೆಂಟ್, ಎರಡೂ ಪಂಥದ ಪಾದ್ರಿಗಳು ಬಂದು ನಿಂತರು. ಸತ್ತವರಲ್ಲೊಬ್ಬ ಬ್ರಿಟನ್ನಿನ ಅತ್ಯಂತ ಹೆಸರಾಂತ ಬಾಂಬರ್ ಪೈಲಟ್, ವಿಕ್ಟೋರಿಯಾ ಕ್ರಾಸ್ ಶೌರ್ಯಪದಕ ಪಡೆದ ವಿಂಗ್ ಕಮಾಂಡರ್ ಗೈ ಗಿಬ್ಸನ್ ಎಂಬುದು ಅವರಿಗೆ ಆಗ ಗೊತ್ತಿರಲಿಲ್ಲ. ಆತನಿಗೆ ಇಪ್ಪತ್ತಾರು ವರ್ಷ ತುಂಬಿ ಒಂದು ತಿಂಗಳಾಗಿತ್ತಷ್ಟೆ.

ಯುದ್ಧದಲ್ಲಿ ಮಡಿದವರನ್ನು ನೆನೆಯುವುದರಲ್ಲಿ ಬಾಂಬರ್ ಪೈಲಟ್‌ನನ್ನು ನೆನೆಯುವುದು ಬೇರೆಯೇ ತರಹದ ಕಷ್ಟ. ಗಡಿಯಲ್ಲಿ ಹಳ್ಳ ತೋಡಿ ಕಾದು ಸತ್ತ ಸಿಪಾಯಿಗೆ ದೀಪ ಹಚ್ಚುವಾಗ ನಮ್ಮ ಮನಸ್ಸು ಎರಡಾಗುವುದಿಲ್ಲ. ಬಾಂಬರ್‌ನಲ್ಲಿ ಕುಳಿತವನು ಮಾತ್ರ ತಾನು ಎಂದೂ ಮುಖ ನೋಡದ ಜನರ ಮೇಲೆ ಸಾವನ್ನು ಸುರಿದವನು. ಆತನ ಧೈರ್ಯ ನಿಜ, ಕೆಳಗಿದ್ದವರ ಸಾವೂ ನಿಜ. ಒಂದನ್ನು ಮುಚ್ಚಿಟ್ಟು ಇನ್ನೊಂದನ್ನು ಹೇಳಿದರೆ ನೆನಪು ಸುಳ್ಳಾಗುತ್ತದೆ. ಗಿಬ್ಸನ್‌ನ ಕತೆಯನ್ನು ಎಂಬತ್ತು ವರ್ಷಗಳಿಂದ ಸಿನಿಮಾ, ಪುಸ್ತಕ, ಬ್ಯಾಂಡಿನ ಸಂಗೀತಗಳಲ್ಲಿ ಹೇಳಿಕೊಂಡು ಬರಲಾಗಿದೆ. ಅವುಗಳಿಗಿಂತ ಆ ಡಚ್ ಊರು ಹೆಚ್ಚು ಸರಿಯಾಗಿ ನೆನಪಿಟ್ಟುಕೊಂಡಿದೆ ಎಂಬುದು ನನ್ನ ಅಭಿಪ್ರಾಯ.

ಗಿಬ್ಸನ್ ಹುಟ್ಟಿದ್ದು ನಮ್ಮ ಸಿಮ್ಲಾದಲ್ಲಿ, 1918ರ ಆಗಸ್ಟ್ 12ರಂದು. ತಂದೆ ಬ್ರಿಟಿಷ್ ಸರ್ಕಾರದ ಅರಣ್ಯ ಸೇವೆಯ ಅಧಿಕಾರಿ, ತಾಯಿ ಇಂಗ್ಲೆಂಡಿನ ಕಾರ್ನ್‌ವಾಲ್ ಕರಾವಳಿಯವಳು. ಅವರ ದಾಂಪತ್ಯ ಉಳಿಯಲಿಲ್ಲ. ಆರು ವರ್ಷದ ಹುಡುಗ ತಾಯಿಯೊಂದಿಗೆ ಇಂಗ್ಲೆಂಡಿಗೆ ಹೋದ. ಬೆಳೆದದ್ದು ಹೆಚ್ಚಾಗಿ ವಸತಿ ಶಾಲೆಗಳಲ್ಲಿ. ತಾಯಿ ಕುಡಿತಕ್ಕೆ ಬಿದ್ದಳು. ಯುದ್ಧ ಶುರುವಾದ ವರ್ಷದ ಕ್ರಿಸ್‌ಮಸ್ ಹೊತ್ತಿಗೆ ಬೆಂಕಿ ತಗುಲಿ ತೀರಿಕೊಂಡಳು. ವಾಯುಪಡೆ ಆತನನ್ನು ಮೊದಲ ಸಲ ವೈದ್ಯಕೀಯ ಪರೀಕ್ಷೆಯಲ್ಲಿ ತಿರಸ್ಕರಿಸಿತ್ತು, ಆಳು ಕುಳ್ಳ. ಮತ್ತೆ ಅರ್ಜಿ ಹಾಕಿ 1936ರಲ್ಲಿ ಸೇರಿದ. 1939ರ ಸೆಪ್ಟೆಂಬರ್ 3ರಂದು ಬ್ರಿಟನ್ ಯುದ್ಧ ಘೋಷಿಸಿದ ಆ ದಿನವೇ ಶತ್ರುವಿನ ಹಡಗುಗಳನ್ನು ಹುಡುಕಿಕೊಂಡು ಹಾರಿದವರಲ್ಲಿ ಆತನೂ ಒಬ್ಬ. ಅಲ್ಲಿಂದ ಮುಂದೆ ಹ್ಯಾಂಪ್ಡನ್ ಬಾಂಬರ್, ರಾತ್ರಿ ಹೊತ್ತು ಕಾವಲು ಕಾಯುವ ಬ್ಯೂಫೈಟರ್, ಮತ್ತೆ ಬಾಂಬರ್ ಎಂದು ಬಿಡುವಿಲ್ಲದೆ ಹಾರಿದ. ಮೂವತ್ತು ದಾಳಿ ಮುಗಿಸಿದವರಿಗೆ ವಿಶ್ರಾಂತಿ ಕೊಡುವುದು ಬಾಂಬರ್ ಪಡೆಯ ರೂಢಿ. ಆ ಮೂವತ್ತನ್ನು ಮುಗಿಸುವಷ್ಟು ಕಾಲ ಬದುಕುವವರೇ ಕಡಿಮೆ. ಗಿಬ್ಸನ್ ತನ್ನ ಇಪ್ಪತ್ನಾಲ್ಕನೇ ವಯಸ್ಸಿಗೆ ನೂರೈವತ್ತು ಹಾರಾಟಗಳನ್ನು ದಾಟಿದ್ದ.

ಆತ ಎಲ್ಲರಿಗೂ ಪ್ರಿಯನಾಗಿದ್ದ ಎನ್ನುವಂತಿಲ್ಲ. ತನ್ನ ಜತೆ ಹಾರುವವರೊಂದಿಗೆ ಆಪ್ತ. ನೆಲದ ಮೇಲೆ ವಿಮಾನ ಸಜ್ಜುಗೊಳಿಸುವ ಮೆಕ್ಯಾನಿಕ್‌ಗಳೊಂದಿಗೆ ಕಟುವಾಗಿ ನಡೆದುಕೊಳ್ಳುತ್ತಿದ್ದ. ಅವರಲ್ಲಿ ಹಲವರು ಆತನನ್ನು ಮೆಚ್ಚುತ್ತಿರಲಿಲ್ಲ. ನಿಜವಾದ ಮನುಷ್ಯನನ್ನು ನೆನೆಯಬೇಕಾದರೆ ಇದನ್ನೂ ಹೇಳಲೇಬೇಕು.

1943ರ ಮಾರ್ಚ್‌ನಲ್ಲಿ ಲಿಂಕನ್‌ಶೈರ್‌ನ ಸ್ಕ್ಯಾಂಪ್ಟನ್ ವಾಯುನೆಲೆಯಲ್ಲಿ 617ನೇ ಸ್ಕ್ವಾಡ್ರನ್ ಕಟ್ಟುವ ಕೆಲಸ ಗಿಬ್ಸನ್‌ಗೆ ಬಂತು. ಗುರಿ, ಜರ್ಮನಿಯ ಕಾರ್ಖಾನೆಗಳ ಬೀಡಾದ ರೂರ್ ಪ್ರದೇಶಕ್ಕೆ ನೀರು ಕೊಡುವ ಅಣೆಕಟ್ಟುಗಳು. ಬಾರ್ನ್ಸ್ ವಾಲಿಸ್ ಎಂಬ ಎಂಜಿನಿಯರ್ ಅದಕ್ಕಾಗಿಯೇ ಒಂದು ಬಾಂಬು ರೂಪಿಸಿದ್ದರು. ಅಣೆಕಟ್ಟಿನ ಎದುರು ನೀರೊಳಗೆ ಟಾರ್ಪಿಡೊ ತಡೆಯುವ ಬಲೆಗಳಿದ್ದವು. ಮೇಲಿನಿಂದ ಬಾಂಬು ಹಾಕಿದರೆ ಆ ದಪ್ಪ ಗೋಡೆಗೆ ಗೀರೂ ಬೀಳುತ್ತಿರಲಿಲ್ಲ. ಕೆರೆಯ ನೀರಿನ ಮೇಲೆ ಚಪ್ಪಟೆ ಕಲ್ಲನ್ನು ಬೀಸಿ ಎಸೆದು ಮಕ್ಕಳು ಕುಪ್ಪಳಿಸುವಂತೆ ಮಾಡುತ್ತಾರಲ್ಲ, ಅದೇ ರೀತಿ ನಾಲ್ಕು ಟನ್‌ಗೂ ಹೆಚ್ಚು ತೂಕದ ಪೀಪಾಯಿಯಂಥ ಬಾಂಬನ್ನು ನೀರಿನ ಮೇಲೆ ಕುಪ್ಪಳಿಸಿ, ಬಲೆಗಳನ್ನು ದಾಟಿಸಿ, ಗೋಡೆಗೆ ತಾಗಿಸಬೇಕು. ಬೀಳಿಸುವ ಮೊದಲೇ ಅದನ್ನು ನಿಮಿಷಕ್ಕೆ 500 ಸುತ್ತಿನಂತೆ ಹಿಮ್ಮುಖವಾಗಿ ತಿರುಗಿಸಲಾಗುತ್ತಿತ್ತು. ಹಾಗಾಗಿ ಗೋಡೆಗೆ ಬಡಿದ ಮೇಲೆ ಪುಟಿದು ಹಿಂದೆ ಹೋಗದೆ, ಗೋಡೆಯನ್ನೇ ಒರಸಿಕೊಂಡು ಕೆಳಗಿಳಿದು, ನೀರಿನಾಳದಲ್ಲಿ ಸಿಡಿಯುತ್ತಿತ್ತು. ಸುತ್ತಲಿನ ನೀರಿನ ಒತ್ತಡವೇ ಸ್ಫೋಟದ ಬಲವನ್ನು ಗೋಡೆಯ ಕಡೆಗೆ ತಳ್ಳುತ್ತಿತ್ತು.

ಇದಕ್ಕೆ ಪೈಲಟ್ ತೆರಬೇಕಾಗಿದ್ದ ಬೆಲೆಯೇ ಬೇರೆ. ನಾಲ್ಕು ಎಂಜಿನ್‌ನ ಲ್ಯಾಂಕಾಸ್ಟರ್ ವಿಮಾನವನ್ನು ರಾತ್ರಿಯ ಹೊತ್ತು ನೀರಿನಿಂದ ಬರೀ 60 ಅಡಿ ಎತ್ತರದಲ್ಲಿ, ಗಂಟೆಗೆ ಸುಮಾರು 370 ಕಿಲೋಮೀಟರ್ ವೇಗದಲ್ಲಿ, ಗುಂಡು ಹಾರಿಸುತ್ತಿರುವ ಗೋಪುರಗಳ ಕಡೆಗೆ ನೇರವಾಗಿ ನಡೆಸಬೇಕು. ಅಷ್ಟು ತಗ್ಗಿನಲ್ಲಿ ಎತ್ತರ ಅಳೆಯುವ ಮಾಪಕವನ್ನು ನಂಬುವಂತಿರಲಿಲ್ಲ. ವಿಮಾನದ ಹೊಟ್ಟೆಯಡಿ ಎರಡು ದೀಪ ಕಟ್ಟಿ, ನೀರಿನ ಮೇಲೆ ಆ ಎರಡು ಬೆಳಕಿನ ಬಿಲ್ಲೆಗಳು ಕೂಡಿದಾಗ 60 ಅಡಿ ಎಂದು ತಿಳಿಯುತ್ತಿದ್ದರು. ಕತ್ತಲಲ್ಲಿ ದೀಪ ಹಚ್ಚಿಕೊಂಡು ಬರುವ ವಿಮಾನ ಫಿರಂಗಿಯವರಿಗೆ ಎಷ್ಟು ಚೆನ್ನಾಗಿ ಕಾಣುತ್ತಿತ್ತೆಂದು ಬೇರೆ ಹೇಳಬೇಕಿಲ್ಲ.

ಮೇ 16ರ ರಾತ್ರಿ 19 ಲ್ಯಾಂಕಾಸ್ಟರ್‌ಗಳಲ್ಲಿ 133 ಮಂದಿ ಹೊರಟರು. ಮೋನೆ ಅಣೆಕಟ್ಟಿನ ಮೇಲೆ ಮೊದಲು ಎರಗಿದವನು ಗಿಬ್ಸನ್. ಬಾಂಬು ಸಿಡಿಯಿತು, ಗೋಡೆ ನಿಂತೇ ಇತ್ತು. ಎರಡನೆಯವನು ಜಾನ್ ಹಾಪ್‌ಗುಡ್, ಇಪ್ಪತ್ತೊಂದು ವರ್ಷದವನು. ದಾರಿಯಲ್ಲೇ ಗುಂಡು ತಾಗಿ ಗಾಯಗೊಂಡಿದ್ದರೂ ಹಿಂದಿರುಗದೆ ಬಂದಿದ್ದ. ಅಣೆಕಟ್ಟಿನ ಹತ್ತಿರ ಆತನ ವಿಮಾನಕ್ಕೆ ಬೆಂಕಿ ಹತ್ತಿತು. ಜತೆಗಾರರು ಪ್ಯಾರಾಚೂಟ್‌ನಲ್ಲಿ ಹಾರಲು ಸಮಯ ಸಿಗಲೆಂದು ಉರಿಯುವ ವಿಮಾನವನ್ನು ಸಾಧ್ಯವಾದಷ್ಟು ಮೇಲಕ್ಕೆತ್ತಿದ. ಇಬ್ಬರು ಬದುಕಿ ಸೆರೆಯಾದರು. ಹಾಪ್‌ಗುಡ್ ವಿಮಾನದೊಂದಿಗೇ ಹೋದ. ಮೂರನೆಯ ವಿಮಾನ ಎರಗುವಾಗ ಗಿಬ್ಸನ್ ಮಾಡಿದ ಕೆಲಸಕ್ಕೇ ಮುಂದೆ ವಿಕ್ಟೋರಿಯಾ ಕ್ರಾಸ್ ಬಂದದ್ದು. ತನ್ನ ಬಾಂಬು ಮುಗಿದಿತ್ತು, ದೂರ ನಿಲ್ಲಬಹುದಿತ್ತು. ಹಾಗೆ ಮಾಡದೆ, ದಾಳಿಗೆ ಬರುವ ಒಬ್ಬೊಬ್ಬನ ಪಕ್ಕಕ್ಕೂ ಹಾರಿ ಫಿರಂಗಿಗಳ ಗುಂಡನ್ನು ತನ್ನ ಕಡೆಗೆ ಸೆಳೆದುಕೊಂಡ. ಐದನೆಯ ಬಾಂಬಿಗೆ ಅಣೆಕಟ್ಟು ಒಡೆಯಿತು. ಅದೇ ರಾತ್ರಿ ಏಡರ್ ಅಣೆಕಟ್ಟನ್ನೂ ಒಡೆದರು. ಜೋರ್ಪೆ ಅಣೆಕಟ್ಟು ಉಳಿಯಿತು. ಎಂಟು ವಿಮಾನ ಮರಳಲಿಲ್ಲ. 53 ಮಂದಿ ಸತ್ತರು, ಮೂವರು ಸೆರೆಯಾದರು.

ಇಲ್ಲಿಗೆ ಕತೆ ನಿಲ್ಲಿಸುವವರೇ ಬಹಳ. 1955ರ ‘ದ ಡ್ಯಾಮ್ ಬಸ್ಟರ್ಸ್’ ಸಿನಿಮಾ ಬ್ರಿಟನ್ನಿನ ಮನೆಮನೆಗೆ ಈ ದಾಳಿಯನ್ನು ಮುಟ್ಟಿಸಿತು. ಅದು ನೆನಪಿನಲ್ಲಿ ಉಳಿಸಿದ್ದು ಇಷ್ಟನ್ನೇ.

ಅಣೆಕಟ್ಟಿನ ಕೆಳಗೆ ಏನಾಯಿತು? ಮೋನೆ ಜಲಾಶಯದ ಸಾಮರ್ಥ್ಯ ನಮ್ಮ ಲೆಕ್ಕದಲ್ಲಿ ಐದು ಟಿಎಂಸಿ ಅಡಿಗೆ ಹತ್ತಿರ, ಅಂದರೆ ಕೃಷ್ಣರಾಜಸಾಗರದ ಹತ್ತರಲ್ಲೊಂದು ಪಾಲು. ಆ ನೀರಿನ ಬಹುಭಾಗ ಕೆಲವೇ ಗಂಟೆಗಳಲ್ಲಿ ಇಕ್ಕಟ್ಟಾದ ಕಣಿವೆಯಲ್ಲಿ ನುಗ್ಗಿತು. ಕಾವೇರಿ, ತುಂಗಭದ್ರೆಯರ ದಂಡೆಯಲ್ಲಿ ಬೆಳೆದ ಓದುಗರಿಗೆ ಅಣೆಕಟ್ಟು ಒಡೆಯುವುದೆಂದರೆ ಏನೆಂದು ವಿವರಿಸಬೇಕಿಲ್ಲ. ಶತಮಾನಗಳಷ್ಟು ಹಳೆಯ ಹಿಮ್ಮೆಲ್‌ಪ್ಫೋರ್ಟನ್ ಎಂಬ ಮಠದ ಚರ್ಚು ಬುಡಸಮೇತ ಕೊಚ್ಚಿಹೋಯಿತು. ಎರಡೂ ಕಣಿವೆಗಳಲ್ಲಿ ಸತ್ತವರು ಸುಮಾರು 1,600 ಮಂದಿ ಎಂಬುದು ಈಗಿನ ಲೆಕ್ಕ. ಅತಿ ಹೆಚ್ಚು ಸಾವಾದದ್ದು ನೇಹೈಮ್ ಎಂಬ ಊರಿನಲ್ಲಿ. ಅಲ್ಲಿದ್ದದ್ದು ಬಲವಂತದ ದುಡಿಮೆಗೆ ತಂದಿಟ್ಟ ಜನರ ಶಿಬಿರ. ಉಕ್ರೇನ್ ಮತ್ತು ಸುತ್ತಲಿನ ನಾಡುಗಳಿಂದ ನಾಜಿಗಳು ಎಳೆದು ತಂದ ಹೆಣ್ಣುಮಕ್ಕಳು ನೂರಾರು ಸಂಖ್ಯೆಯಲ್ಲಿ ಆ ಶಿಬಿರದಲ್ಲಿ ಮುಳುಗಿದರು. ಯಾರ ಬಿಡುಗಡೆಗಾಗಿ ಈ ಯುದ್ಧ ನಡೆದಿತ್ತೋ ಅವರೇ ಅವರು. ಅಣೆಕಟ್ಟನ್ನು ಜರ್ಮನರು ಅದೇ ವರ್ಷದ ಶರತ್ಕಾಲದೊಳಗೆ ಮತ್ತೆ ಕಟ್ಟಿ ಮುಗಿಸಿದರು. ಕಟ್ಟಿದವರಲ್ಲೂ ಬಲವಂತದ ಕೂಲಿಗಳಿದ್ದರು.

ಗಿಬ್ಸನ್ ಇದನ್ನು ಯೋಚಿಸಿರಲಿಲ್ಲವೇ? ಯೋಚಿಸಿದ್ದ. ಆತ ಬರೆದು, ಸತ್ತ ಮೇಲೆ 1946ರಲ್ಲಿ ಪ್ರಕಟವಾದ ‘ಎನಿಮಿ ಕೋಸ್ಟ್ ಅಹೆಡ್’ ಪುಸ್ತಕದಲ್ಲಿ, ಇಂಥ ಸಾಮೂಹಿಕ ಸಾವಿಗೆ ತಾವು ಕಾರಣರಾಗುವುದು ತಮಗೆ ಇಷ್ಟವಿರಲಿಲ್ಲ ಎಂಬರ್ಥದ ಮಾತಿದೆ. ಬಾಂಬು ರೂಪಿಸಿದ ವಾಲಿಸ್ ಅವರನ್ನು ಕಂಗೆಡಿಸಿದ್ದು ವೈಮಾನಿಕರ ಸಾವು. ತಮ್ಮ ಯೋಚನೆಗಾಗಿ 53 ಹುಡುಗರು ಸತ್ತರಲ್ಲ ಎಂಬ ದುಃಖ ಅವರನ್ನು ಬಿಡಲಿಲ್ಲ. ಯುದ್ಧದ ನಂತರ ಈ ಆವಿಷ್ಕಾರಕ್ಕೆಂದು ಸರ್ಕಾರ ಕೊಟ್ಟ 10,000 ಪೌಂಡನ್ನು ಅವರು ತಾವು ಕಲಿತ ಕ್ರೈಸ್ಟ್ಸ್ ಹಾಸ್ಪಿಟಲ್ ಶಾಲೆಗೆ ಕೊಟ್ಟರು, ವಾಯುಪಡೆಯಲ್ಲಿ ಮಡಿದವರ ಮಕ್ಕಳ ಓದಿಗಾಗಿ. ಸತ್ತವರನ್ನು ನೆನೆಯಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ತೋಚುವುದಿಲ್ಲ.

ದಾಳಿಯ ನಂತರ ಸರ್ಕಾರ ಗಿಬ್ಸನ್‌ನನ್ನು ಹಾರಾಟದಿಂದ ತೆಗೆದು ಅಮೆರಿಕ, ಕೆನಡಾಗಳಲ್ಲಿ ಭಾಷಣ ಮಾಡಿಸಿತು. ಆಮೇಲೆ ಮೇಜಿನ ಮುಂದೆ ಕೂರಿಸಿತು. ಆತನಿಗೆ ಅದು ಒಗ್ಗಲಿಲ್ಲ. ಮೇಲಧಿಕಾರಿಗಳನ್ನು ಕಾಡಿ, ಮತ್ತೆ ಹಾರಲು ಅನುಮತಿ ಪಡೆದ. 1944ರ ಸೆಪ್ಟೆಂಬರ್ 19ರಂದು ಜರ್ಮನಿಯ ಮೋನ್‌ಶನ್‌ಗ್ಲಾಡ್‌ಬಾಕ್ ಮತ್ತು ರೈಟ್ ಪಟ್ಟಣಗಳ ಮೇಲೆ ಇನ್ನೂರಕ್ಕೂ ಹೆಚ್ಚು ಲ್ಯಾಂಕಾಸ್ಟರ್‌ಗಳ ದಾಳಿ. ಗುರಿಯ ಮೇಲೆ ಸುತ್ತುತ್ತ, ಬಣ್ಣದ ಬೆಳಕಿನ ಗುರುತುಗಳನ್ನು ನೋಡುತ್ತ, ಎಲ್ಲಿ ಬಾಂಬು ಹಾಕಬೇಕೆಂದು ರೇಡಿಯೊದಲ್ಲಿ ಹೇಳುವ ಮಾಸ್ಟರ್ ಬಾಂಬರ್ ಕೆಲಸ ಗಿಬ್ಸನ್‌ನದು. ಮಾಸ್ಕಿಟೊ ನಡೆಸುವ ಅಭ್ಯಾಸ ಆತನಿಗೆ ಹೆಚ್ಚಿರಲಿಲ್ಲ. ವಾರಿಕ್ ಕೂಡ ಆತನ ನಿತ್ಯದ ಜತೆಗಾರನಲ್ಲ. ದಾಳಿ ಮುಗಿದು ಮರಳುವಾಗ ವಿಮಾನ ಬಿತ್ತು. ಇಂಧನದ ತೊಟ್ಟಿ ಬದಲಿಸುವಲ್ಲಿ ತಪ್ಪಾಯಿತೆಂದು ಕೆಲವರು, ಜರ್ಮನರ ಗುಂಡೆಂದು ಕೆಲವರು, ಕತ್ತಲಲ್ಲಿ ಗುರುತು ತಪ್ಪಿ ಲ್ಯಾಂಕಾಸ್ಟರ್‌ನ ಬಂದೂಕುಗಾರನೇ ಹೊಡೆದನೆಂದು ಮತ್ತೆ ಕೆಲವರು. ವಾದ ಇತ್ಯರ್ಥವಾಗಿಲ್ಲ.

617ನೇ ಸ್ಕ್ವಾಡ್ರನ್ನಿನವರ ಸಮಾಧಿಗಳನ್ನು ಹುಡುಕುತ್ತ ಹೋದರೆ ಮತ್ತೆ ಮತ್ತೆ ಡಚ್ ನೆಲಕ್ಕೇ ಬಂದು ನಿಲ್ಲುತ್ತೇವೆ. ಬ್ರಿಟನ್ನಿನಿಂದ ರೂರ್‌ಗೆ ಹೋಗುವ ದಾರಿ ಇರುವುದೇ ಅದರ ಮೇಲೆ. ಮೋನೆಗೆ ನಾಲ್ಕನೆಯ ಬಾಂಬು ಹಾಕಿದ ಮೆಲ್ವಿನ್ ಯಂಗ್ ಮನೆಗೆ ಮರಳುವಾಗ ಡಚ್ ಕರಾವಳಿಯಲ್ಲಿ ಗುಂಡಿಗೆ ಸಿಕ್ಕಿ ಸಮುದ್ರಕ್ಕೆ ಬಿದ್ದ. ಬೆರ್ಗನ್ ಊರಿನ ಸ್ಮಶಾನದಲ್ಲಿದ್ದಾನೆ. ಏಡರ್ ಒಡೆದ ಆಸ್ಟ್ರೇಲಿಯಾದ ಲೆಸ್ ನೈಟ್ 1943ರ ಸೆಪ್ಟೆಂಬರ್‌ನಲ್ಲಿ ಇನ್ನೊಂದು ದಾಳಿಯಿಂದ ಮರಳುತ್ತ, ಎಂಜಿನ್ ಕೆಟ್ಟ ವಿಮಾನವನ್ನು ಹಿಡಿದು ನಿಲ್ಲಿಸಿದ. ಜತೆಗಿದ್ದವರೆಲ್ಲ ಹಾರಿಕೊಂಡು ಬದುಕಿದರು. ಡೆನ್ ಹಾಮ್ ಎಂಬ ಹಳ್ಳಿಯ ಮನೆಗಳನ್ನು ತಪ್ಪಿಸಿ ಹೊಲದಲ್ಲಿ ಇಳಿಸಲು ನೋಡಿ ಆತ ಸತ್ತ. ಹಳ್ಳಿ ಆತನನ್ನು ತನ್ನ ಸ್ಮಶಾನದಲ್ಲೇ ಇಟ್ಟುಕೊಂಡಿದೆ. ಯಾವ ಸರ್ಕಾರದ ಸುತ್ತೋಲೆಯೂ ಈ ಊರುಗಳಿಗೆ ಇದನ್ನೆಲ್ಲ ಹೇಳಿಕೊಡಲಿಲ್ಲ.

ಸ್ಟೇನ್‌ಬರ್ಗನ್ ತನ್ನ ಬೀದಿಗಳಿಗೆ ಹೆಸರಿಡುವಾಗ ಗಿಬ್ಸನ್‌ನ ಹೆಸರಿನಲ್ಲಿ ಒಂದು ಬೀದಿ ಮಾಡಿತು. ವಾರಿಕ್ ಹೆಸರಿನಲ್ಲೂ ಒಂದು ಮಾಡಿತು. ನನ್ನನ್ನು ಹಿಡಿದು ನಿಲ್ಲಿಸುವುದು ಈ ಎರಡನೆಯ ಬೀದಿ. ಉತ್ತರ ಐರ್ಲೆಂಡಿನ ಆ ನ್ಯಾವಿಗೇಟರ್‌ಗೆ ಸಿನಿಮಾದಲ್ಲಿ ಜಾಗವಿಲ್ಲ, ಆತ ಅಣೆಕಟ್ಟಿನ ದಾಳಿಯಲ್ಲಿ ಇದ್ದವನೂ ಅಲ್ಲ. ಹೆಸರಾಂತನ ಪಕ್ಕದಲ್ಲಿ ಕುಳಿತಿದ್ದವನು ಅಷ್ಟೆ. ಊರಿನವರಿಗೆ ಮೊದಲು ಹೆಸರು ತಿಳಿದದ್ದು ಆತನದೇ. ಮೆರೆದವನೊಬ್ಬ, ಮರೆಯಾದವನೊಬ್ಬ ಎಂಬ ಭೇದವನ್ನು ಅವರು ಮಾಡಲಿಲ್ಲ.

ಸ್ವಂತ ಸಮಾಧಿ ಸಿಕ್ಕಿದ್ದೇ ಒಂದು ಭಾಗ್ಯ. ಬಾಂಬರ್ ಕಮಾಂಡ್‌ನಲ್ಲಿ, ಅಂದರೆ ಬ್ರಿಟನ್ನಿನ ಬಾಂಬರ್ ಪಡೆಯಲ್ಲಿ, ಹಾರಿದವರು ಸುಮಾರು 1,25,000 ಮಂದಿ, ಸತ್ತವರು 55,573. ನೂರಕ್ಕೆ 44. ಎಲ್ಲರೂ ತಾವಾಗಿ ಮುಂದೆ ಬಂದವರು, ಹೆಚ್ಚಿನವರು ಇಪ್ಪತ್ತರ ಆಸುಪಾಸಿನವರು. ಯುದ್ಧ ಮುಗಿದಾಗ ಬ್ರಿಟಿಷ್ ವಾಯುಪಡೆಯ ಲೆಕ್ಕದಲ್ಲಿ ಕಾಣೆಯಾದವರೇ ನಲವತ್ತು ಸಾವಿರಕ್ಕೂ ಹೆಚ್ಚು. ಅವರನ್ನು ಹುಡುಕಲೆಂದೇ ಒಂದು ವಿಭಾಗ ಕಟ್ಟಿದರು. ಅದರ ಅಧಿಕಾರಿಗಳು ಯುರೋಪಿನ ಹಳ್ಳಿ ಹಳ್ಳಿ ಸುತ್ತಿ ಪಾದ್ರಿಗಳನ್ನು, ರೈತರನ್ನು, ಸಮಾಧಿ ತೋಡುವವರನ್ನು ಮಾತಾಡಿಸಿದರು. ಎಂಜಿನ್ ಮೇಲಿನ ಸಂಖ್ಯೆ, ಉಂಗುರ, ಬಟ್ಟೆಯ ಮೇಲಿನ ಗುರುತು, ಇವುಗಳಿಂದ ಒಂದೊಂದೇ ಹೆಸರು ಜೋಡಿಸಿದರು. ಇಷ್ಟಾದರೂ ಸಿಗದ ಇಪ್ಪತ್ತು ಸಾವಿರಕ್ಕೂ ಹೆಚ್ಚು ವೈಮಾನಿಕರ ಹೆಸರುಗಳನ್ನು ಥೇಮ್ಸ್ ನದಿಯ ಪಕ್ಕದ ರನ್ನಿಮೀಡ್ ಸ್ಮಾರಕದಲ್ಲಿ ಕೆತ್ತಿದ್ದಾರೆ. ನೆದರ್‌ಲೆಂಡ್ಸ್‌ನಲ್ಲಿ ಈ ಹುಡುಕಾಟ ನಿಂತಿಲ್ಲ. 1943ರಲ್ಲಿ ಸರೋವರಕ್ಕೆ ಬಿದ್ದಿದ್ದ ಒಂದು ಸ್ಟರ್ಲಿಂಗ್ ಬಾಂಬರನ್ನು ಡಚ್ ಸರ್ಕಾರ 2020ರಲ್ಲಿ, ಅದರ ಸಿಬ್ಬಂದಿಯ ಅವಶೇಷಗಳಿಗಾಗಿ ಹೊರತೆಗೆಸಿತು.

ತನ್ನದೇ ಬಾಂಬರ್ ಪಡೆಯನ್ನು ನೆನೆಯಲು ಬ್ರಿಟನ್ ಬಹುಕಾಲ ಹಿಂಜರಿಯಿತು. ಹ್ಯಾಂಬರ್ಗ್, ಡ್ರೆಸ್ಡನ್‌ಗಳು ಉರಿದದ್ದು ಯುದ್ಧ ಮುಗಿದ ಮೇಲೆ ಮುಜುಗರವಾಯಿತು. ಆದೇಶ ಕೊಟ್ಟವರು ದೂರ ಸರಿದರು, ಹಾರಿ ಸತ್ತ ಹುಡುಗರಿಗೆ ಪ್ರತ್ಯೇಕ ಪದಕವೂ ಬರಲಿಲ್ಲ. ಬದುಕಿದ್ದವರಿಗೆ ಒಂದು ಸಣ್ಣ ಲೋಹಪಟ್ಟಿ ಸಿಕ್ಕಿದ್ದು 2013ರಲ್ಲಿ. ಲಂಡನ್ನಿನ ಗ್ರೀನ್ ಪಾರ್ಕ್‌ನಲ್ಲಿ ಸ್ಮಾರಕ ಎದ್ದದ್ದು 2012ರಲ್ಲಿ. ಬೆಲ್ಜಿಯಂನ ಜೌಗಿನಲ್ಲಿ ಹೂತುಹೋಗಿದ್ದ ಹ್ಯಾಲಿಫ್ಯಾಕ್ಸ್ ಬಾಂಬರ್‌ನ ಅಲ್ಯೂಮಿನಿಯಂ ಅದರ ಚಾವಣಿಯಲ್ಲಿ ಸೇರಿದೆ. 1939ರಿಂದ 1945ರವರೆಗಿನ ಬಾಂಬ್ ದಾಳಿಗಳಲ್ಲಿ ಸತ್ತ ಎಲ್ಲ ದೇಶಗಳ ಜನರನ್ನೂ ನೆನೆಯುವ ಬರಹ ಆ ಸ್ಮಾರಕದಲ್ಲಿದೆ. 2018ರಲ್ಲಿ ಲಿಂಕನ್‌ನಲ್ಲಿ ತೆರೆದ ಅಂತರರಾಷ್ಟ್ರೀಯ ಬಾಂಬರ್ ಕಮಾಂಡ್ ಕೇಂದ್ರ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಲ್ಯಾಂಕಾಸ್ಟರ್‌ನ ರೆಕ್ಕೆಯ ಅಗಲದಷ್ಟೇ, 31 ಮೀಟರ್ ಎತ್ತರದ ಗೋಪುರದ ಸುತ್ತ ಸತ್ತವರ ಹೆಸರುಗಳಿವೆ. ಅಲ್ಲಿನ ದಾಖಲೆಗಳಲ್ಲಿ ಹಾರಿದವರ ಮಾತಿನ ಜತೆಗೆ ಬಾಂಬಿನಡಿ ಬದುಕುಳಿದವರ ಮಾತುಗಳೂ ಇವೆ. ಎಪ್ಪತ್ತು ವರ್ಷ ತಡವಾದರೂ ದಾರಿ ಸರಿಯಾದದ್ದೇ.

ನೆನಪನ್ನು ತಿದ್ದಿಕೊಳ್ಳುವುದಕ್ಕೂ ಧೈರ್ಯ ಬೇಕು. ಗಿಬ್ಸನ್ ಸಾಕಿದ್ದ ಕಪ್ಪು ನಾಯಿ ಅಣೆಕಟ್ಟಿನ ದಾಳಿಗೆ ಸ್ವಲ್ಪ ಮುಂಚೆ ಕಾರಿಗೆ ಸಿಕ್ಕಿ ಸತ್ತಿತ್ತು. ಅದರ ಹೆಸರು ಕಪ್ಪುಜನರನ್ನು ಹೀಗಳೆಯುವ ಬೈಗುಳ. ಮೋನೆ ಒಡೆದಾಗ ಕಳಿಸಿದ ಸಂಕೇತಪದವೂ ಅದೇ. ಸ್ಕ್ಯಾಂಪ್ಟನ್‌ನಲ್ಲಿದ್ದ ಆ ನಾಯಿಯ ಸಮಾಧಿಕಲ್ಲನ್ನು 2020ರಲ್ಲಿ ವಾಯುಪಡೆ ತೆಗೆದು, ಹೆಸರಿಲ್ಲದ ಹೊಸ ಕಲ್ಲಿಟ್ಟಿತು. ಇತಿಹಾಸ ಅಳಿಸಿದರೆಂದು ಕೆಲವರು ಗದ್ದಲ ಮಾಡಿದರು. ಅಳಿಸಿದ್ದೇನೂ ಇಲ್ಲ, ಗೌರವದ ಕಲ್ಲಿನ ಮೇಲೆ ಬೈಗುಳ ಇರಬಾರದು, ಇತಿಹಾಸದ ಪುಸ್ತಕದಲ್ಲಿ ಇರಬಹುದು.

ಕೊನೆಗೆ, ನೆದರ್‌ಲೆಂಡ್ಸ್‌ನಲ್ಲಿರುವ ಕನ್ನಡಿಗರಿಗೆ ಒಂದು ಮಾತು. ಐಂಡ್‌ಹೋವನ್‌ನಲ್ಲಿ ಕೆಲಸ ಮಾಡುವ ನಮ್ಮವರು ಅನೇಕರಿದ್ದೀರಿ. ಆ ನಗರವೇ ಎರಡೂ ಕಡೆಯ ಬಾಂಬು ತಿಂದ ಊರು. 1942ರ ಡಿಸೆಂಬರ್ 6ರಂದು ಫಿಲಿಪ್ಸ್ ಕಾರ್ಖಾನೆಯ ಮೇಲೆ ಬ್ರಿಟಿಷರು ದಾಳಿ ಮಾಡಿದಾಗ ನೂರಕ್ಕೂ ಹೆಚ್ಚು ಊರಿನವರು ಸತ್ತರು. ನಗರ ಬಿಡುಗಡೆಯಾದ ಮರುದಿನ ಜರ್ಮನರು ಬಾಂಬು ಹಾಕಿದಾಗ ಸತ್ತವರು ಇನ್ನೂರಕ್ಕೂ ಹೆಚ್ಚು. ಆ ಮರುದಿನವೆಂದರೆ 1944ರ ಸೆಪ್ಟೆಂಬರ್ 19, ಗಿಬ್ಸನ್ ಬಿದ್ದ ಅದೇ ರಾತ್ರಿ. ಸ್ಟೇನ್‌ಬರ್ಗನ್ ಇರುವುದು ನಿಮ್ಮ ಉತ್ತರ ಬ್ರಾಬಾಂಟ್ ಪ್ರಾಂತದಲ್ಲೇ. ಒಂದು ಭಾನುವಾರ ಹೋಗಿ ಬನ್ನಿ. ಸಿಮ್ಲಾದಲ್ಲಿ ಹುಟ್ಟಿದವನ ಕಲ್ಲು ನೋಡಿದ ಮೇಲೆ ಪಕ್ಕದ ವಾರಿಕ್‌ನ ಕಲ್ಲನ್ನೂ ಓದಿ. ಇನ್ನೊಂದು ವಾರ ಬಿಡುವಾದರೆ ಗಡಿ ದಾಟಿ ಮೋನೆ ಅಣೆಕಟ್ಟಿಗೂ ಹೋಗಿ, ಕಣಿವೆಯ ಕೆಳಗೆ ನೇಹೈಮ್‌ವರೆಗೆ ಇಳಿಯಿರಿ. ಎರಡನ್ನೂ ನೋಡಿದವರು ಮಾತ್ರ ಈ ಕತೆಯನ್ನು ತಮ್ಮ ಮಕ್ಕಳಿಗೆ ಸರಿಯಾಗಿ ಹೇಳಬಲ್ಲರು.